ನಿಧಿ ನಿಕ್ಷೇಪ ಸಹಿತ

ಹಳೇ ಹುಬ್ಬಳ್ಳಿಯ ಆ ಮನೆಯ ಖರೇದಿ ಪತ್ರವನ್ನು ನಾನು ಎರಡು ಸಲ ಬರೆದೆ. ನನ್ನ ಕೈಯಿಂದ ಎರಡು ಸಲ ಬರೆಸಿಕೊಂಡ ಪತ್ರ ಅದೊಂದೇ. ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಚಾಪೆ ಹಾಸಿ, ಮುಂದೆ ಬರೆಯುವ ಮಣೆ ಇಟ್ಟುಕೊಂಡು ಕೂಡ್ರುತ್ತಿದ್ದ ಪತ್ರ ಬರೆಯುವವರಲ್ಲಿ ನನಗೊಂದು ಹೆಸರಿತ್ತು. ನನ್ನ ಪತ್ರದಲ್ಲಿ ಹೊಡೆದು ಹಾಕಿದ ಕಾಟು ಇರುತ್ತಿರಲಿಲ್ಲ, ಸಾಲಿನ ಮೇಲೆ ತುರುಕಿದ ಅಕ್ಷರ ಇರುತ್ತಿರಲಿಲ್ಲ. ಸಬ್ ರಜಿಸ್ಟ್ರಾರ್ ಸಾಹೇಬರು ಉಳಿದವರ ಪತ್ರಗಳನ್ನು ಬೆರಳಿಟ್ಟು ಓದಿದರೆ ನನ್ನದರ ಮೇಲೆ ಸುಮ್ಮನೆ ಕಣ್ಣಾಡಿಸುತ್ತಿದ್ದರು. ಅದರ ಸೊಕ್ಕು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮಾರುವವರು ಇಬ್ಬರು. ಬಟ್ಟೆಗೆ ಬಣ್ಣ ಹಾಕುವ ಮುಸಲ್ಮಾನ ಮನೆತನದ ಒಬ್ಬ ಹೆಣ್ಣುಮಗಳು ಮತ್ತು ಆಕೆಯ ಮೈದುನ. ಆಕೆಯ ಗಂಡ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದ. ಇದ್ದೊಬ್ಬ ಮಗಳನ್ನು ಧಾರವಾಡದ ಹತ್ತಿರದ ಮುಗದಕ್ಕೆ ಕೊಟ್ಟಿತ್ತು. ಆ ಮಗಳು ಹೆರಿಗೆಗೆ ಮೊದಲೇ ತನ್ನ ಪಾಲನ್ನು ತಾಯಿಗೆ ಬಿಟ್ಟುಕೊಟ್ಟಿದ್ದಳು, ಆ ಪತ್ರವನ್ನೂ ನಾನೇ ಬರೆದಿದ್ದೆ. ಹೆತ್ತ ಮೇಲೆ ಅವಳಿಗೆ ಬಾಣಂತಿ ಸನ್ನಿ ಹತ್ತಿತು. ತನ್ನ ಕೂಸು ಯಾವುದು, ಮಂದಿಯ ಕೂಸು ಯಾವುದು ಅನ್ನುವ ಖಬರು ಅವಳಿಗೆ ಉಳಿಯಲಿಲ್ಲ. ಅಳಿಯ ಹೊಲಕ್ಕೆ ಹೋದರೆ ಮನೆಯಲ್ಲಿ ನೋಡುವವರು ಯಾರೂ ಇಲ್ಲ. ತಾಯಿ ಹೋಗಿ ಅಲ್ಲಿಯೇ ಇರಬೇಕು, ಇರಬೇಕಾದರೆ ಅಳಿಯನ ಹಿತ್ತಲಲ್ಲಿ ಒಂದು ಕೋಣೆ ಏಳಬೇಕು, ಕೋಣೆ ಏಳಬೇಕಾದರೆ ಹುಬ್ಬಳ್ಳಿಯ ಮನೆ ಮಾರಬೇಕು. ಮೈದುನನಿಗೂ ಅದರಲ್ಲಿ ಪಾಲಿತ್ತು, ಆದರೆ ಅವನು ಎಂದೂ ಅವಸರ ಮಾಡಿದವನಲ್ಲ.

ಕೊಳ್ಳುವವನು ಅದೇ ಓಣಿಯ ಸೈಕಲ್ ರಿಪೇರಿಯವನು. ಅವನ ಅಂಗಡಿ ಎಷ್ಟು ಸಣ್ಣದೆಂದರೆ ಸೈಕಲ್ಲು ಒಳಗೆ ಬಂದರೆ ಅವನು ಹೊರಗೆ ನಿಲ್ಲಬೇಕು. ಅವನಿಗೆ ಮನೆಗಿಂತ ಮನೆಯ ಹಿತ್ತಲ ಬೇಕಾಗಿತ್ತು. ಅಲ್ಲಿ ತಗಡು ಹೊದಿಸಿ, ಭಟ್ಟಿ ಹಾಕಿ, ಮುರಿದ ಚೌಕಟ್ಟು ಬೆಸೆಯುವ ಕೆಲಸ ಶುರು ಮಾಡುವ ಹಂಚಿಕೆ ಅವನದು.

ಮನೆ ನೋಡದೆ ಚತುಃಸೀಮೆ ಬರೆಯುವವರು ನಮ್ಮ ಕಟ್ಟೆಯ ಮೇಲೆ ಇದ್ದರು. ಪೂರ್ವಕ್ಕೆ ಓಣಿ ಎಂದು ಕೂತಲ್ಲಿಯೇ ಬರೆದುಬಿಡುವುದು, ಆಮೇಲೆ ಓಣಿ ಉತ್ತರಕ್ಕಿದ್ದರೆ ಎರಡೂ ಕಡೆಯವರು ಕೋರ್ಟು ಅಲೆಯುವುದು. ನಾನು ಹಾಗೆ ಮಾಡುವವನಲ್ಲ. ಹೋಗಿ ಮೈದುನನ ಕೈಗೆ ಹಗ್ಗದ ತುದಿ ಕೊಟ್ಟು ಅಳೆದೆ. ಒಳಗೆ ಪಡಸಾಲೆ, ಅಡಿಗೆ ಮನೆ, ಒಂದು ಕೋಣೆ. ಹಿತ್ತಲಲ್ಲಿ ಬಣ್ಣ ಕುದಿಸುವ ತಾಮ್ರದ ಹಂಡೆಗಳು ಬೋರಲು ಬಿದ್ದಿದ್ದವು. ಮೂಲೆಯಲ್ಲಿ ಒಂದು ಪೇರಲ ಗಿಡ, ಅದರ ಬುಡಕ್ಕೆ ಚಪ್ಪಟೆ ಕಲ್ಲು.

"ಇದು ಅರಿವಿ ಬಡಿಯೋ ಕಲ್ಲೇನು?" ಎಂದೆ.

ಮೈದುನ ಹಗ್ಗ ಸುತ್ತುತ್ತ, "ಹೂಂ ಅನ್ರಿ," ಎಂದ.

ಹೂಂ ಅನ್ನುವುದಕ್ಕೂ ಹೂಂ ಅನ್ರಿ ಅನ್ನುವುದಕ್ಕೂ ಇರುವ ಅಂತರ ನನ್ನಂಥವನಿಗೆ ಅಲ್ಲಿಯೇ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ಮನೆಗೆ ಬಂದು ಕೊಳ್ಳುವವನ ಹೆಸರಿನಲ್ಲಿ ತಂದ ಛಾಪಾ ಕಾಗದದ ಮೇಲೆ ಪತ್ರ ಬರೆದೆ.

ಆ ಮನೆಯ ಹೆಂಗಸರು ಪರದೆಯವರು, ಕಚೇರಿಗೆ ಬರುವ ಹಾಗಿಲ್ಲ. ಅಂಥವರಿದ್ದಲ್ಲಿ ಅರ್ಜಿ ಕೊಟ್ಟು ಹೆಚ್ಚಿನ ಫೀ ತುಂಬಿದರೆ ಸಬ್ ರಜಿಸ್ಟ್ರಾರ್ ಸಾಹೇಬರೇ ಮನೆಗೆ ಬಂದು ನೋಂದಣಿ ಮಾಡಿಕೊಡುತ್ತಾರೆ. ಅವರು ಶಿಪಾಯಿಯ ಸಂಗಡ ಟಾಂಗಾದಲ್ಲಿ ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅಡಿಗೆ ಮನೆಯ ಬಾಗಿಲಿಗೆ ಹಳೆಯ ಸೀರೆಯೊಂದನ್ನು ಪರದೆ ಮಾಡಿ ಕಟ್ಟಿದ್ದರು, ಆಕೆ ಅದರ ಆಚೆ ಕೂತಿದ್ದಳು. ಒಳಗಿರುವವಳು ಅವಳೇ ಎಂದು ಗುರುತು ಹೇಳಲು ಓಣಿಯ ಇಬ್ಬರು ಹಿರಿಯರು ಬಂದಿದ್ದರು.

"ಓದ್ರಿ ರಾಯರ," ಎಂದರು ಸಾಹೇಬರು.

ಪತ್ರ ಓದುವುದಕ್ಕೆ ನಮ್ಮಲ್ಲೊಂದು ರಾಗವಿದೆ, ಆ ರಾಗದಲ್ಲಿ ಓದಿದೆ. ಮನೆಯ ವಿವರ, ನಾಲ್ಕು ಗಡಿ. ಆಮೇಲೆ ನಮ್ಮ ಹಿರಿಯರ ಕಾಲದಿಂದ ಎಲ್ಲ ಖರೇದಿ ಪತ್ರಗಳಲ್ಲಿ ಬರುವ ಆ ಸಾಲು: "ಸದರಿ ಮನೆಯನ್ನು ಜಲ ತರು ತೃಣ ಕಾಷ್ಠ ಪಾಷಾಣ ನಿಧಿ ನಿಕ್ಷೇಪ ಸಹಿತವಾಗಿ ನಿಮಗೆ ಖರೇದಿ ಕೊಟ್ಟು..." ಈ ಸಾಲು ಬಂದಾಗ ಕೇಳುವವರು ತಲೆದೂಗುತ್ತಾರೆ. ಅರ್ಥ ಯಾರಿಗೂ ಬೇಕಾಗಿರುವುದಿಲ್ಲ. ಆ ಸಾಲು ಇದ್ದರೆ ಪತ್ರ ಘಟ್ಟಿಯಾಯಿತು ಎಂದು ಎಲ್ಲರ ತಿಳುವಳಿಕೆ.

ಪರದೆಯ ಆಚೆಯಿಂದ ದನಿ ಬಂತು. "ರಾಯರ, ಒಂದೀಟ ನಿಂದರ್ರಿ. ಅದನ್ನ ನಮಗ ತಿಳಿಯೋ ಹಂಗ ಹೇಳ್ರಿ."

"ಏನಿಲ್ರೀ ಬಾಯಾರ, ಪತ್ರದಾಗ ಬರಿಯೋ ರೂಢಿ ಮಾತು. ಮನಿ ಜೋಡಿ ನೀರು, ಗಿಡ, ಹುಲ್ಲು, ಕಟಗಿ, ಕಲ್ಲು ಎಲ್ಲಾ ಕೊಂಡವರಿಗೆ ಸೇರ್ತದ."

"ಕಲ್ಲೂ ಸೇರ್ತೈತ್ರಿ?"

"ಕಲ್ಲೂ ಸೇರ್ತದ. ನಿಧಿ ಅಂದ್ರ ಹೊನ್ನು ಗಿನ್ನು ಸಿಕ್ರ ಅದು. ನಿಕ್ಷೇಪ ಅಂದ್ರ ನೆಲದಾಗ ಹುಗದಿಟ್ಟಿದ್ದು."

ಆಕೆ, ಜಗಳದ ದನಿಯಲ್ಲಿ ಅಲ್ಲ, ಅಂಗಡಿಯವನಿಗೆ ಇದು ಬೇಡ ಅದು ಕೊಡು ಎನ್ನುವ ಹಾಗೆ ಹೇಳಿದಳು. "ಹುಗದಿಟ್ಟಿದ್ದು ಕೊಡಾಂಗಿಲ್ರಿ. ಗಿಡದ ಬುಡಕ ನನ್ನ ಕೂಸೈತಿ."

ಕೊಳ್ಳುವವನು ಕೂತಲ್ಲಿಂದ ಎದ್ದ. "ಚಾಚಿ, ಇದನ್ನ ಮೊದಲ ಹೇಳಬಾರದೇನು? ಗೋರಿ ಮ್ಯಾಲೆ ನಾ ಭಟ್ಟಿ ಹಾಕಾಕ ಬರ್ತೈತೇನು?"

"ಮನಿ ಕೊಡಾಕತ್ತೇನಿ, ಗಿಡಾ ಅಷ್ಟ ಬಿಟ್ಟು ಉಳದದ್ದು ಕೊಡಾಕತ್ತೇನಿ ಅಂತ ನನ್ನ ತಿಳುವಳಿಕಿ ಇತ್ತಪಾ. ಯಾರರ ಕೂಸಿನ್ನ ಮಾರ್ತಾರೇನು? ಬರಿಯೋರು ಬಿಟ್ಟ ಬರೀತಾರ ಅಂದ್ಕೊಂಡಿದ್ನಿ."

ಬರಿಯೋರು ಅಂದರೆ ನಾನು. ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಮೈದುನನ ಕಡೆ ನೋಡಿದೆ. ಅವನು ಜಮಖಾನದ ಎಳೆ ಕೀಳುತ್ತ ಕೂತಿದ್ದ.

ಸಾಹೇಬರು ಶಾಯಿಯ ಡಬ್ಬಿ ಮುಚ್ಚಿದರು. "ನೋಡ್ರಿ, ಹೆಬ್ಬಟ್ಟ ಒತ್ತಿದ ಮ್ಯಾಲೆ ಪತ್ರ ಬರಕೊಟ್ಟದ್ದು ಖರೇ ಏನು ಅಂತ ಕೇಳೂದು ನನ್ನ ಕೆಲಸ. ಅವರು ಒತ್ತೂದೇ ಇಲ್ಲ ಅಂದ್ರ ನನಗಿಲ್ಲಿ ಕೆಲಸಿಲ್ಲ." ಟಾಂಗಾ ಹತ್ತುವಾಗ ನನ್ನನ್ನು ಕರೆದು ಮೆಲ್ಲಗೆ, "ನಿಮ್ಮ ಪತ್ರಕ್ಕ ಹಿಂಗ ಎಂದೂ ಆಗಿದ್ದಿಲ್ಲಲ್ರೀ," ಎಂದರು. ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ನನಗೆ ಆ ಮಾತು ನಟ್ಟಿತು.

ಪರದೆಯ ಮುಂದೆ ಹೋಗಿ ಆಕೆಗೆ ಹೇಳಿದೆ. ಗಿಡದ ಬುಡದ ಜಾಗ ಹೊರತುಪಡಿಸಿ ಬರೆಯಲು ಬರುತ್ತದೆ, ಅಲ್ಲಿಗೆ ಹೋಗಿಬರುವ ದಾರಿಯ ಹಕ್ಕನ್ನೂ ಇಟ್ಟುಕೊಳ್ಳಬಹುದು, ಆದರೆ ಕೊಳ್ಳುವವನು ಒಪ್ಪಬೇಕು ಎಂದೆ. ಕೊಳ್ಳುವವನು ವಿಚಾರ ಮಾಡತೇನಿ ಅಂದು ಹೊರಟ. ಕೂಸಿನ ಗೋರಿ ಕಾಯುತ್ತ ಇನ್ನೊಬ್ಬರಿಗೆ ಹಾದಿ ಬಿಟ್ಟುಕೊಂಡು ಕೂಡ್ರುವ ಮನೆಯನ್ನು ಯಾರು ಕೊಂಡಾರು? ವ್ಯವಹಾರ ಮುರಿಯಿತು ಎಂದೇ ನನಗೆ ಅನಿಸಿತು.

ಅಷ್ಟರಲ್ಲಿ ಮುಗದದಿಂದ ಮಾತು ಬಂತು. ಮಗಳು ಕೂಸನ್ನು ಬಾವಿಯ ಕಟ್ಟೆಯ ಮೇಲೆ ಮಲಗಿಸಿ, ಮರೆತು ಮನೆಗೆ ಬಂದಿದ್ದಳಂತೆ. ನೀರಿಗೆ ಹೋದವರು ನೋಡಿ ಎತ್ತಿಕೊಂಡು ಬಂದರಂತೆ. ಇನ್ನೊಮ್ಮೆ ನೋಡುವವರು ಇರುತ್ತಾರೋ ಇಲ್ಲವೋ. ಇದನ್ನು ಹೇಳಲು ಮೈದುನ ನನ್ನ ಮನೆಗೆ ದೀಪ ಹಚ್ಚುವ ಹೊತ್ತಿಗೆ ಬಂದ. ಹೇಳಿ ಮುಗಿದ ಮೇಲೂ ಏಳಲಿಲ್ಲ.

"ಭಾಬಿಗೆ ಹೇಳ್ದೆ, ಆ ಕಲ್ಲು ಬಿಟ್ಟು ನಡೀರಿ ಅಂತ. ಇಲ್ಲಿ ಒಂದನ್ನ ಬಿಟ್ಟು ಅಲ್ಲಿ ಒಂದನ್ನ ಹೆಂಗ ಉಳಸ್ಲಿ ಅಂತಾಳ್ರಿ." ಬಾಗಿಲ ಕಡೆ ಒಮ್ಮೆ ನೋಡಿ ಹತ್ತಿರ ಸರಿದ. "ರಾಯರ, ಗಿಡದ ಬುಡಕ ಏನೂ ಇಲ್ರಿ."

ನನಗೆ ತಿಳಿಯಲಿಲ್ಲ. ಅವನು ಬಿಡಿಸಿ ಹೇಳಿದ. ಪ್ಲೇಗು ಬಂದಾಗ ಓಣಿ ಖಾಲಿ ಮಾಡಿ ಎಲ್ಲರೂ ಊರ ಹೊರಗೆ ಗಬ್ಬೂರಿನ ಕಡೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ಆ ಕೂಸು ಹೋಯಿತು, ಗಂಡುಕೂಸು, ಇನ್ನೂ ಹಾಲು ಕುಡಿಯುವುದು. ತಾಯಿಗೂ ಜ್ವರ ಏರಿ ಎಚ್ಚರವಿರಲಿಲ್ಲ. ಆ ದಿನ ಹೋದವರು ಬಹಳ, ಹೊರುವ ಕೈಗಳು ಕಡಿಮೆ. ಹೊಲದ ಒಂದು ಮಗ್ಗುಲಿಗೆ ದೊಡ್ಡ ಕುಣಿ ತೋಡಿ ಅದರಲ್ಲಿಯೇ ಎಲ್ಲರನ್ನೂ ಮಣ್ಣು ಮಾಡಿದರು. ಅಣ್ಣತಮ್ಮ ಇಬ್ಬರೇ ಕೂಸನ್ನು ಒಯ್ದರು. ಮಳೆ ಬಂತು, ಹೊಲದವನು ನೇಗಿಲು ಹೊಡೆದ, ಗುರುತು ಹೋಯಿತು. ತಾಯಿ ಎದ್ದು ಕೂತು ಕೇಳಿದಾಗ ಗಂಡನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮನೆಗೆ ಒಯ್ದು ಪೇರಲ ಗಿಡದ ಬುಡಕ್ಕೆ ಇಟ್ಟು ಬಂದೆ ಅಂದುಬಿಟ್ಟ. ಊರಿಗೆ ಮರಳುವ ಮೊದಲು ತಾನೇ ಹೋಗಿ ಅಲ್ಲಿ ಕಲ್ಲು ಹಾಕಿದ. ಅಂದಿನಿಂದ ಆಕೆ ಪ್ರತಿ ಶುಕ್ರವಾರ ಆ ಕಲ್ಲು ತೊಳೆದು ಹೂ ಏರಿಸುತ್ತ ಬಂದಿದ್ದಳು.

"ಅಣ್ಣ ಸಾಯೂಮುಂದ ನನ್ನ ಕೈ ಹಿಡದು ಹೇಳಬ್ಯಾಡ ಅಂದಾನ್ರಿ. ನೀವು ಜಾಗಾ ಬಿಟ್ಟೇನಿ ಅಂತ ಬರೀರಿ, ಭಾಬಿ ಹೆಬ್ಬಟ್ಟ ಒತ್ತತಾಳ. ಕೊಳ್ಳಾಂವಗ ನಾ ಖರೇ ಹೇಳೇನಿ. ಆಕಿ ಮುಗದಕ್ಕ ಹೋದ ಮ್ಯಾಲೆ ಅಂವಾ..."

ನಾನು ಕೂಗಾಡಿದೆ. ನನ್ನ ಕೈಯಿಂದ ಸುಳ್ಳು ಬರೆಸಬೇಡ, ಒಂದು ಬಡ ಹೆಣ್ಣುಮಗಳಿಗೆ ಕಾಗದದ ಮೇಲೆ ಗೋರಿ ಕೊಟ್ಟು ಬೆನ್ನ ಹಿಂದೆ ಅಗೆಯುವ ಪತ್ರಕ್ಕೆ ಬೇರೆ ಬರೆಯುವವನನ್ನು ಹುಡುಕು ಎಂದೆ. ಅವನು ಎಲ್ಲ ಕೇಳಿಸಿಕೊಂಡ.

"ಹಂಗಾರ ನೀವ ಬಂದು ಆಕಿಗೆ ಹೇಳ್ರಿ," ಎಂದ.

ಹೇಳುವ ಧೈರ್ಯ ನನಗೂ ಇರಲಿಲ್ಲ.

ಮರುದಿನ ಕಟ್ಟೆಯ ಮೇಲೆ ಬೇರೆಯವರ ಕೆಲಸ ಮಾಡುತ್ತ ಇದನ್ನೇ ಮನಸ್ಸಿನಲ್ಲಿ ಮಸೆಯುತ್ತಿದ್ದೆ. ಗೋರಿ ಇದೆ ಎಂದು ಬರೆದರೆ ಸುಳ್ಳು. ಇಲ್ಲ ಎಂದು ಬರೆದರೆ ಆಕೆ ಕೇಳಿಸಿಕೊಳ್ಳುತ್ತಾಳೆ. ಬರೆಯದೆ ಬಿಟ್ಟರೆ ಮುಗದದ ಕೂಸಿನ ಗತಿ ದೇವರೇ ಬಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ವಾಕ್ಯ ಬಂತು. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ, ಒಂದು ಶಬ್ದವೂ ಆಕೆಯನ್ನು ನೋಯಿಸುವುದಲ್ಲ. ನೆಟ್ಟಗೆ ಸೈಕಲ್ ಅಂಗಡಿಗೆ ಹೋದೆ. ಮೈದುನ ಅಷ್ಟೊತ್ತಿಗಾಗಲೇ ಅವನಿಗೆ ಖರೇ ಹೇಳಿದ್ದ.

"ಖಾಲಿ ನೆಲಾ ಯಾಕ ಬಿಡೂನ್ರಿ ರಾಯರ?" ಎಂದ ಅವನು, ಚಕ್ರದ ಕಡ್ಡಿ ಬಿಗಿಯುತ್ತ.

"ಆಕಿ ಸಲುವಾಗಿ. ಆಕಿ ಇರೂ ತನಕ. ಭಟ್ಟಿ ಈ ಕಡೆ ಮೂಲಿಗೆ ಹಾಕ್ಕೋ, ಗಿಡದ ಬುಡಕ ಗುದ್ದಲಿ ಹಚ್ಚಬ್ಯಾಡ. ಬಾಯಿಲೆ ಅಂದ್ರ ಸಾಲೂದಿಲ್ಲ. ಹಂಗ ನಡಕೋತೀನಿ ಅಂದ್ರ ಅಷ್ಟ ನಾ ಪತ್ರ ಬರೀತೇನಿ."

ಅವನು ಬಹಳ ಹೊತ್ತು ಚಕ್ರ ತಿರುಗಿಸಿದ. ಚಾಚಿ ಅವನ ಮಕ್ಕಳಿಗೆ ಈದಿಗೆ ಬಟ್ಟೆ ಬಣ್ಣ ಹಾಕಿಕೊಟ್ಟವಳು. "ಆತ್ರಿ, ಮುಟ್ಟಾಂಗಿಲ್ಲ. ಹಂಗ ಬರೀರಿ," ಎಂದ.

ಹೊಸ ಛಾಪಾ ಕಾಗದದ ಮೇಲೆ ಪತ್ರವನ್ನು ಮೊದಲಿನಿಂದ ಬರೆದೆ. ರೂಢಿಯ ಸಾಲಿನಿಂದ ನಿಕ್ಷೇಪವನ್ನು ತೆಗೆದೆ. ಅದರ ಕೆಳಗೆ ನನ್ನ ವಾಕ್ಯ ಕೂಡಿಸಿದೆ: "ಹಿತ್ತಲದ ಪೇರಲ ಗಿಡದ ಬುಡದಲ್ಲಿ, ತನ್ನ ಕೂಸನ್ನು ಮಣ್ಣು ಮಾಡಿದ ಸ್ಥಳವೆಂದು ಬರೆದುಕೊಡುವವಳು ನಂಬಿ ನಡೆದುಕೊಂಡು ಬಂದ ಚೌಕ ಜಾಗವನ್ನು ಹೊರತುಪಡಿಸಿ, ಅವಳ ಜೀವವಿರುವ ತನಕ ಅಲ್ಲಿ ಅಗೆಯತಕ್ಕದ್ದಲ್ಲ, ಅವಳು ಬಂದುಹೋಗಲು ಅಡ್ಡಿ ಮಾಡತಕ್ಕದ್ದಲ್ಲ." ನಂಬಿ. ಆ ಶಬ್ದ ಸಿಕ್ಕದ್ದಕ್ಕೆ ನನಗೆ ಎಷ್ಟು ಹಿಗ್ಗಾಯಿತೆಂದು ಈಗ ಹೇಳಿಕೊಳ್ಳುವುದು ಕಷ್ಟ. ಧಾರವಾಡದ ಯಾವ ವಕೀಲನೂ ಇದರಲ್ಲಿ ಬೆರಳು ಇಡಲಾರ ಎಂದುಕೊಂಡೆ.

ಮತ್ತೆ ಅರ್ಜಿ, ಮತ್ತೆ ಟಾಂಗಾ. ಅದೇ ಜಮಖಾನ, ಅದೇ ಸೀರೆಯ ಪರದೆ, ಅದೇ ಇಬ್ಬರು ಹಿರಿಯರು. ಈ ಸಲ ಪಡಸಾಲೆಯಲ್ಲಿ ಆಕೆಯ ಗಂಟುಗಳನ್ನು ಕಟ್ಟಿ ಇಟ್ಟಿದ್ದರು, ಪತ್ರವಾದ ಕೂಡಲೇ ಹೊರಡುವವಳು. ನಾನು ಓದಿದೆ, ಈ ಸಲ ರಾಗ ಬಿಟ್ಟು, ನಿಧಾನವಾಗಿ. ನನ್ನ ವಾಕ್ಯ ಬಂತು, ಮುಗಿಯಿತು. ಮುಂದಿನ ಸಾಲಿಗೆ ಹೋದೆ.

"ರಾಯರ, ಆ ಗಿಡದ ಸಾಲು ಮತ್ತೊಮ್ಮಿ ಓದ್ರಿ."

ಓದಿದೆ.

"ನಂಬಿ ಅಂತ ಯಾಕ ಹಾಕೀರಿ?"

"ಅದು ಪತ್ರದ ಮಾತ್ರೀ ಬಾಯಾರ..."

"ಆವತ್ತೂ ಹಂಗ ಅಂದಿದ್ರಿ. ಮಣ್ಣ ಮಾಡಿದ ಜಾಗಾ ಅಂತ ಬರದ್ರ ಆತಲ್ರೀ. ಅಲ್ಲೇ ಐತಿ ಅಂದ ಮ್ಯಾಲೆ ನಂಬೂದೇನೈತಿ?"

ಲೇಖನಿ ಕೈಯಲ್ಲಿಯೇ ಇತ್ತು. ಆ ಎರಡಕ್ಷರ ಹೊಡೆದು ಹಾಕಿ, ಅಂಚಿನಲ್ಲಿ ಷರಾ ಬರೆದಿದ್ದರೆ ಎಲ್ಲವೂ ಸುಸೂತ್ರ ಮುಗಿಯುತ್ತಿತ್ತು. ಆದರೆ ಹೊಡೆದರೆ ಉಳಿಯುವುದು ಸುಳ್ಳು. ಕೈ ಏಳಲಿಲ್ಲ. ಏನು ಮಾಡಲಿ ಎಂದು ಮೈದುನನ ಕಡೆ ನೋಡಿದೆ. ಅವನು ಕೊಳ್ಳುವವನ ಕಡೆ ನೋಡಿದ. ಕೊಳ್ಳುವವನು ನೆಲ ನೋಡಿದ. ಪರದೆಯ ಆಚೆ ಇರುವವಳು ನಮಗೆ ಕಾಣುತ್ತಿರಲಿಲ್ಲ, ನಾವು ಆಕೆಗೆ ಚೆನ್ನಾಗಿ ಕಾಣುತ್ತಿದ್ದೆವು. ಅದು ನನಗೆ ಆಮೇಲೆ ಹೊಳೆಯಿತು.

ಆಕೆ ಮೈದುನನನ್ನು ಹೆಸರು ಹಿಡಿದು ಕರೆದಳು. "ಎಲ್ಲಿ ಇಟ್ರಿ?"

"ಭಾಬಿ, ಅಣ್ಣ..."

"ಅವರದು ಬಿಡು. ಎಲ್ಲಿ?"

"ಗಬ್ಬೂರ ಕಡೆ. ಗುಡಸಲಾ ಹಾಕಿದ್ವೆಲ್ಲಾ, ಆ ಹೊಲದಾಗ. ಎಲ್ಲಾರನೂ ಒಂದ ಕುಣ್ಯಾಗ." ಅವನು ಮೊಣಕಾಲಿನಲ್ಲಿ ಮುಖ ಇಟ್ಟುಕೊಂಡು ಅಳತೊಡಗಿದ, ದೊಡ್ಡ ಮನುಷ್ಯ, ಎಲ್ಲರೆದುರಿಗೆ.

ಒಳಗಿನಿಂದ ಅಳುವ ಸಪ್ಪಳವೇನೂ ಬರಲಿಲ್ಲ. ಬಂದಿದ್ದರೆ ಛಲೋ ಇತ್ತು. ಸಾಹೇಬರಿಗೆ ಏನೂ ಗೊತ್ತಿರಲಿಲ್ಲ. ಗಡಿಯಾರ ತೆಗೆದು ನೋಡಿ ಮತ್ತೆ ಕಿಸೆಗೆ ಹಾಕಿಕೊಂಡರು. ನಾನು ಪತ್ರದ ಮೇಲೆ ಕಣ್ಣಿಟ್ಟು ಕೂತೆ. ನನ್ನ ಅಕ್ಷರಗಳು ನನಗೇ ಅಸಹ್ಯವಾಗಿ ಕಂಡವು.

"ರಾಯರ," ಎಂದಳು. "ಆ ಗಿಡದ್ದೆಲ್ಲಾ ಹೊಡದು ಹಾಕ್ರಿ. ಮೊದಲ ಹೆಂಗಿತ್ತೋ ಹಂಗ ಮಾಡ್ರಿ."

ಕೊಳ್ಳುವವನು ಮುಂದೆ ಬಂದ. "ಬ್ಯಾಡ ಚಾಚಿ, ಇರ್ಲಿ. ನಾ ಆ ಜಾಗಾ ಮುಟ್ಟಾಂಗಿಲ್ಲ. ನೀವು ಬರ್ರಿ, ಹೂವಾ ಹಾಕ್ರಿ, ಯಾರ ಬ್ಯಾಡಂತಾರ?"

"ಅಲ್ಲೇನೈತಿ ಬಿಡಾಕ? ನಿನ್ನ ಭಟ್ಟಿ ಹಾಕ್ಕೋಪಾ. ಜಾಗಾ ಛಲೋ ಐತಿ, ಬಿಸಲು ಬೀಳೂದಿಲ್ಲ."

ನಾನು ಹೊಡೆದೆ. ಆ ವಾಕ್ಯದ ಮೇಲೆ ಎಳೆದ ಗೆರೆ ಸೊಟ್ಟಾಯಿತು. ರೂಢಿಯ ಸಾಲಿನ ಮೇಲೆ, ನಿಧಿಯ ಆಚೆ, ಬಿಟ್ಟಿದ್ದ ನಿಕ್ಷೇಪವನ್ನು ತುರುಕಿದೆ. ಇಷ್ಟು ಸಾಲು ಹೊಡೆದಿದೆ, ಇಷ್ಟು ಅಕ್ಷರ ಸೇರಿಸಿದೆ ಎಂದು ಕೊನೆಗೆ ಷರಾ ಬರೆದೆ. ಅಷ್ಟು ಹೊಲಸು ಪತ್ರ ನಾನು ಅದಕ್ಕೆ ಮೊದಲು ಬರೆದಿರಲಿಲ್ಲ.

ಶಿಪಾಯಿ ಶಾಯಿಯ ಡಬ್ಬಿಯನ್ನು ಪರದೆಯ ಕೆಳಗೆ ಸರಿಸಿದ. ಸೀರೆಯ ಅಂಚು ಸರಿದು ಒಂದು ಕೈ ಹೊರಗೆ ಬಂತು. ವರ್ಷಗಟ್ಟಲೆ ಬಣ್ಣದ ನೀರಿನಲ್ಲಿ ಆಡಿದ ಕೈ, ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಇತ್ತು. ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಮೊದಲು ಒತ್ತಿದ್ದು ಮೂಡಲಿಲ್ಲ, ಮತ್ತೆ ಒತ್ತಿಸಬೇಕಾಯಿತು. ಆಕೆ ಬೇಸರವಿಲ್ಲದೆ ಒತ್ತಿದಳು.

ಸಾಹೇಬರು ಕಾಯಿದೆಯಂತೆ ಕೇಳಬೇಕಾದ್ದನ್ನು ಕೇಳಿದರು. ದನಿ ಎಂದಿನಷ್ಟು ಗಟ್ಟಿಯಿರಲಿಲ್ಲ. "ಬಾಯಾರ, ಪತ್ರ ಓದಿಸಿ ಕೇಳಿದ್ರಿ. ಎಲ್ಲಾ ತಿಳೀತೇನು?"

"ತಿಳೀತ್ರಿ."

"ಯಾರದರ ಒತ್ತಾಯ ಅದ ಏನು?"

"ಯಾರದೂ ಇಲ್ರಿ."

ಅದನ್ನೇ ಅವರು ಪತ್ರದ ಬೆನ್ನಿಗೆ ಬರೆದರು: ಬರೆದುಕೊಟ್ಟವರು ಓದಿಸಿ ಕೇಳಿ, ಪೂರ್ಣ ತಿಳಿದು, ಸ್ವಸಂತೋಷದಿಂದ ಒಪ್ಪಿದ್ದಾರೆ. ಮೈದುನ ಕಣ್ಣು ಒರೆಸಿಕೊಂಡು ಬಂದು ಸಹಿ ಮಾಡಿದ. ಗುರುತು ಹೇಳಿದ ಹಿರಿಯರು ಸಹಿ ಮಾಡಿದರು. ಸಾಹೇಬರು ಹೊರಟರು, ಕೊಳ್ಳುವವನು ಅವರನ್ನು ಕಳಿಸಲು ಬಾಗಿಲ ತನಕ ಹೋದ. ನಾನು ಲೇಖನಿ ಒರೆಸುತ್ತ ಉಳಿದೆ. ನಾನು ಬರೆದದ್ದು ಸುಳ್ಳಾಗಿರಲಿಲ್ಲ, ಅಷ್ಟು ಮಾತ್ರ ಖರೆ.

ಮೈದುನ ಗಂಟುಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಪರದೆಯ ಆಚೆಯಿಂದ ಆಕೆ ಕೇಳಿದಳು.

"ಆ ಹೊಲದಾಗ ಈಗ ಏನ ಬೆಳೀತಾರ?"

ಅವನು ಗಂಟನ್ನು ಹೆಗಲಿನಿಂದ ಇಳಿಸಿದ.

"ಹತ್ತಿ, ಭಾಬಿ," ಎಂದ.